ಹನ್ನೊಂದು ಗಂಟೆಯ ಬ್ಯಾಚು

ಮಂಗಳೂರಿನಲ್ಲಿ ವಯಸ್ಸಾದವರ ನಡಿಗೆ ಜೂನ್ ತಿಂಗಳಲ್ಲಿ ನಿಂತುಹೋಗುತ್ತದೆ. ಮೇ ತನಕ ಕದ್ರಿ ಪಾರ್ಕಿನಲ್ಲಿ ಸುತ್ತು ಹಾಕುತ್ತಿದ್ದವರು ಮಳೆ ಹಿಡಿದೊಡನೆ ಮನೆಯೊಳಗೆ ಸೇರುತ್ತಾರೆ. ಅಂಗಳದಲ್ಲಿ ಪಾಚಿ, ಮೆಟ್ಟಿಲ ಮೇಲೆ ಪಾಚಿ, ಫುಟ್‌ಪಾತಿನ ಚಪ್ಪಡಿ ಎಲ್ಲಿ ಅಲುಗಾಡುತ್ತದೆ ಎಂದು ಹೇಳಲಾಗದು. ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡವರ ಕತೆ ಬೀದಿಗೊಂದು ಇರುವಾಗ ಹೊರಗೆ ಕಾಲಿಡುವ ಧೈರ್ಯ ಯಾರಿಗಿದೆ? ನಾಲ್ಕು ತಿಂಗಳು ಕುರ್ಚಿ, ಟಿ.ವಿ., ಹಲಸಿನ ಹಪ್ಪಳ, ಮತ್ತೆ ಕುರ್ಚಿ. ಮಳೆ ಬಿಡುವಾಗ ಪಾರ್ಕು ಅಲ್ಲೇ ಇರುತ್ತದೆ, ಕಾಲಿನ ಬಲ ಇರುವುದಿಲ್ಲ.

ನಾನು ಬ್ಯಾಂಕಿನಿಂದ ನಿವೃತ್ತಳಾದವಳು, ಮನೆ ಮಣ್ಣಗುಡ್ಡೆಯಲ್ಲಿ. 2025ರ ಮಳೆಗಾಲದಲ್ಲಿ ನಮ್ಮ ಬೀದಿಯ ಮತ್ತು ಆಸುಪಾಸಿನ ಹಿರಿಯರನ್ನು ಒಟ್ಟುಗೂಡಿಸಿ ಒಂದು ಜಿಮ್ಮಿಗೆ ಸೇರಿಸುವ ಕೆಲಸಕ್ಕೆ ಕೈಹಾಕಿದೆ. ಜೂನ್‌ನಲ್ಲಿ ಶುರುವಾದ ಓಡಾಟ ಮುಗಿಯುವಾಗ ದಸರೆ ಕಳೆದಿತ್ತು. ಈಗ ಬ್ಯಾಚು ಸಲೀಸಾಗಿ ನಡೆಯುತ್ತಿದೆ. ಮೊದಲು ಯಾರನ್ನು ಕೇಳಬೇಕು, ಯಾವ ಕಾಗದವನ್ನು ಯಾರಿಂದ ಬರೆಸಬೇಕು, ದುಡ್ಡು ಎಲ್ಲಿ ಪೋಲಾಗುತ್ತದೆ ಎಂಬುದನ್ನು ನನಗೆ ಯಾರೂ ಹೇಳಿರಲಿಲ್ಲ. ಅದಕ್ಕಾಗಿ ಬರೆಯುತ್ತಿದ್ದೇನೆ.

ತಲೆಗೆ ಹುಳ ಬಿಟ್ಟದ್ದು ಹಿಂದಿನ ಮನೆಯವರ ಮಗಳು. ಅವಳು ಫಿಸಿಯೋಥೆರಪಿಸ್ಟ್. ನಾವು ನಾಲ್ಕು ಜನ ಅವರ ಜಗಲಿಯಲ್ಲಿ ಕುಳಿತಿದ್ದಾಗ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಏಳಿ, ಕುಳಿತುಕೊಳ್ಳಿ, ಅರ್ಧ ನಿಮಿಷದಲ್ಲಿ ಎಷ್ಟಾಗುತ್ತದೆ ನೋಡೋಣ ಎಂದಳು. ಎಪ್ಪತ್ತೆರಡರ ನಿವೃತ್ತ ಶಿಕ್ಷಕಿ, ನಮಗೆಲ್ಲ ಅವರು ‘ಟೀಚರ್’, ಏಳು ಸಲ ಎದ್ದರು. ಆ ವಯಸ್ಸಿನ ಹೆಂಗಸರಿಗೆ ಹತ್ತಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದಳು. ಪಣಂಬೂರು ಬಂದರಿನಲ್ಲಿ ದುಡಿದು ನಿವೃತ್ತರಾದ ಅಣ್ಣನಿಗೆ ಎಪ್ಪತ್ತಾರು. ಯೌವನದಲ್ಲಿ ಹುಲಿವೇಷ ಹಾಕಿ, ಬೈಹುಲ್ಲಿನಲ್ಲಿ ಬಿಗಿದ ಭಾರದ ಅಕ್ಕಿಮುಡಿಯನ್ನು ಹಲ್ಲಿನಿಂದ ಕಚ್ಚಿ ಹಿಂದಕ್ಕೆ ಎಸೆದವರು. ಅವರಿಗೆ ಕೈ ಊರದೆ ಒಮ್ಮೆಯೂ ಏಳಲಾಗಲಿಲ್ಲ. ‘ಕುರ್ಚಿ ತಗ್ಗಾಯಿತು’ ಎಂದರು. ಬೇರೆ ಕುರ್ಚಿ ತಂದರೂ ಅದೇ ಕತೆ. ಆಮೇಲೆ ಅವರು ಹೆಚ್ಚು ಮಾತನಾಡಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ಆ ಹುಡುಗಿ ನಮಗೆ ಓದಿ ಹೇಳಿದಳು. 65 ದಾಟಿದವರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ ಮಾಡಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು, ಮೂರು ದಿನ ಸಮತೋಲನ ಮತ್ತು ಬಲ ಎರಡನ್ನೂ ಸೇರಿಸಿದ ಅಭ್ಯಾಸ ಬೇಕು. ಮೊದಲನೆಯದು ನಮಗೆಲ್ಲ ಗೊತ್ತು, ‘ವಾಕಿಂಗ್ ಮಾಡಿ’ ಎಂದು ಹೇಳದ ಡಾಕ್ಟರರಿಲ್ಲ. ಉಳಿದ ಎರಡರ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಬಲಕ್ಕೆ ಭಾರ ಬೇಕು. ಭಾರವನ್ನು ಸ್ವಲ್ಪ ಸ್ವಲ್ಪವೇ ಏರಿಸುವುದಕ್ಕೆ ಯಂತ್ರ, ಹಿಡಿದುಕೊಳ್ಳಲು ಕಂಬಿ, ನೋಡಿಕೊಳ್ಳಲು ಒಬ್ಬ ಮನುಷ್ಯ, ತಲೆಯ ಮೇಲೊಂದು ಸೂರು ಬೇಕು. ಇವೆಲ್ಲ ಒಟ್ಟಿಗೆ ಸಿಗುವ ಜಾಗ ಜಿಮ್.

ಲೇಡಿಹಿಲ್‌ನಿಂದ ಬಿಜೈವರೆಗೆ, ಅಲ್ಲಿಂದ ಕೊಡಿಯಾಲ್‌ಬೈಲಿನವರೆಗೆ ಕೊಡೆ ಹಿಡಿದು ಜಿಮ್ಮುಗಳನ್ನು ಹುಡುಕಿದೆ. ಹೆಚ್ಚಿನವು ಮೊದಲ ಅಥವಾ ಎರಡನೆಯ ಮಹಡಿಯಲ್ಲಿವೆ, ಲಿಫ್ಟ್ ಇಲ್ಲ, ಮೆಟ್ಟಿಲಿಗೆ ಒಂದೇ ಕಡೆ ಕೈಹಿಡಿ. ಕಾಲಿಗೆ ಬಲ ಬರಿಸಿಕೊಳ್ಳಲು ಹೋಗುವವರು ಮೊದಲು ಬಲವಿರುವ ಕಾಲಿನಿಂದ ಮೇಲೆ ಹತ್ತಬೇಕು! ಒಂದು ಕಡೆ ಕೌಂಟರಿನ ಹುಡುಗ ಬಹಳ ವಿನಯದಿಂದ, ‘ಅರುವತ್ತು ದಾಟಿದವರನ್ನು ನಾವು ತೆಗೆದುಕೊಳ್ಳುವುದಿಲ್ಲ ಅಮ್ಮ, ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ’ ಎಂದ. ಇನ್ನೊಂದು ಕಡೆ ಸೇರಿಸಿಕೊಳ್ಳುವ ಉತ್ಸಾಹ ಭಾರೀ ಇತ್ತು, ಆದರೆ ಒಂದು ವರ್ಷದ ಶುಲ್ಕ ಒಟ್ಟಿಗೆ ಕಟ್ಟಬೇಕು, ಹಿಂದಿರುಗಿಸುವ ಮಾತೇ ಇಲ್ಲ. ನಮ್ಮಲ್ಲಿ ಅರ್ಧ ಜನ ಮಗಳ ಬಾಣಂತನಕ್ಕೆಂದು ಮಸ್ಕತ್‌ಗೋ ಬೆಂಗಳೂರಿಗೋ ಹೋದರೆ ಬರುವುದು ಆರು ತಿಂಗಳು ಕಳೆದು. ವರ್ಷದ ಶುಲ್ಕ ನಮಗೆ ಹೇಳಿಸಿದ್ದಲ್ಲ. ತಿಂಗಳು ತಿಂಗಳು ಕಟ್ಟುವ ವ್ಯವಸ್ಥೆ, ಊರಿನಲ್ಲಿ ಇಲ್ಲದಾಗ ತಡೆಹಿಡಿಯುವ ಅವಕಾಶ, ಈ ಎರಡನ್ನು ಕೇಳದೆ ಎಲ್ಲಿಯೂ ಹಣ ಕೊಡಬೇಡಿ.

ಕೊನೆಗೆ ನೆಲಮಹಡಿಯಲ್ಲಿರುವ ಒಂದು ಸಾಮಾನ್ಯ ಜಿಮ್ ಸಿಕ್ಕಿತು. ಮಾಲೀಕರಿಗೆ ನಮ್ಮ ಮೇಲೆ ಕರುಣೆ ಹುಟ್ಟಿಸುವ ಗೋಜಿಗೆ ನಾನು ಹೋಗಲಿಲ್ಲ, ಲೆಕ್ಕ ತೋರಿಸಿದೆ. ಬೆಳಿಗ್ಗೆ ಒಂಬತ್ತೂವರೆಗೆ ಕಾಲೇಜು ಮತ್ತು ಆಫೀಸಿನವರು ಖಾಲಿಯಾಗುತ್ತಾರೆ, ಸಂಜೆ ನಾಲ್ಕರವರೆಗೆ ಯಂತ್ರಗಳು ಸುಮ್ಮನೆ ನಿಂತಿರುತ್ತವೆ, ಬಾಡಿಗೆ ಮಾತ್ರ ಓಡುತ್ತಿರುತ್ತದೆ. ಆ ಖಾಲಿ ಹೊತ್ತಿನಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ, ಹತ್ತಾರು ಜನ ಒಟ್ಟಿಗೆ ಬಂದರೆ ನಷ್ಟವೇನು ಎಂದೆ. ತಿಂಗಳಿಗೆ 1,500 ಇದ್ದದ್ದು ನಮಗೆ 900ಕ್ಕೆ ಇಳಿಯಿತು. ಒಬ್ಬ ತರಬೇತುದಾರ ಆ ಒಂದು ಗಂಟೆ ನಮ್ಮೊಂದಿಗೇ ಇರಬೇಕು, ಹಾಡಿನ ಸದ್ದು ನಮ್ಮ ಮಾತಿಗಿಂತ ಮೇಲೆ ಏರಬಾರದು ಎಂಬ ಷರತ್ತುಗಳಿಗೂ ಒಪ್ಪಿದರು. ಶೌಚಾಲಯದ ಗೋಡೆಗೆ ಒಂದು ಹಿಡಿಕೆ ಹಾಕಿಸಿ ಎಂದದ್ದಕ್ಕೆ ‘ನೋಡುವ’ ಎಂದರು. ನಮ್ಮೂರಿನ ‘ನೋಡುವ’ ಎಂದರೆ ಏನೆಂದು ಓದುವವರಿಗೆ ಗೊತ್ತಿದೆ.

ಗಂಟೆ ನಿಗದಿ ಮಾಡುವುದು ಶುಲ್ಕ ಇಳಿಸುವುದಕ್ಕಿಂತ ಕಷ್ಟವಾಯಿತು. ಹತ್ತು ಗಂಟೆ ಎಂದರೆ ಮೀನು ಮಾರುವ ಅಕ್ಕ ಬರುವ ಹೊತ್ತು. ಹನ್ನೆರಡು ಎಂದರೆ ಊಟದ ಅಡುಗೆ. ಒಂಬತ್ತೂವರೆ ಎಂದರೆ ರಥಬೀದಿಯ ಮಾಮನಿಗೆ ಪೂಜೆ ಮುಗಿಯುವುದಿಲ್ಲ. ಹನ್ನೊಂದಕ್ಕೆ ಎಲ್ಲರೂ ಸಮನಾಗಿ ಗೊಣಗಿದರು, ಹಾಗಾಗಿ ಅದೇ ಗಟ್ಟಿಯಾಯಿತು.

ಇಷ್ಟಾಗುವಾಗ ಜುಲೈ ಅರ್ಧ ಕಳೆದು ತುಳುವರ ಆಟಿ ತಿಂಗಳು ಕಾಲಿಟ್ಟಿತು. ಆಟಿಯಲ್ಲಿ ಹೊಸ ಕೆಲಸ ಶುರು ಮಾಡುವುದುಂಟೇ? ಜಿಮ್ಮಿಗೂ ಆಟಿಗೂ ಏನು ಸಂಬಂಧ ಎಂದು ವಾದಿಸಿ ಸೋತೆ. ಆಟಿಯ ಹಿಂದೆಯೇ ಸೋಣ ತಿಂಗಳು, ಅಷ್ಟಮಿ, ಚೌತಿ, ನವರಾತ್ರಿ, ಕುದ್ರೋಳಿಯ ದಸರಾ. ಆ ತಿಂಗಳುಗಳಲ್ಲಿ ನಾನು ಕಾಗದಪತ್ರ ಮುಗಿಸಿದೆ, ಅದಕ್ಕೂ ಅಷ್ಟು ಸಮಯ ಬೇಕಿತ್ತು ಎನ್ನಿ.

ಜಿಮ್‌ನವರು ಪ್ರತಿಯೊಬ್ಬರಿಂದಲೂ ವೈದ್ಯರ ಪತ್ರ ಕೇಳಿದರು. ಟೀಚರ್ ತಮ್ಮ ಡಾಕ್ಟರರ ಬಳಿ ಹೋಗಿ, ಜಿಮ್ಮಿಗೆ ಹೋಗಲು ಫಿಟ್ ಎಂದು ಬರೆದುಕೊಡಿ ಎಂದರು. ಡಾಕ್ಟರ್ ಪೆನ್ನು ಕೆಳಗಿಟ್ಟು, ‘ಈ ವಯಸ್ಸಿನಲ್ಲಿ ಯಾಕೆ ಟೀಚರ್, ವಾಕಿಂಗ್ ಸಾಲದೇ?’ ಎಂದು ಕಳುಹಿಸಿದರು. ಬೇರೆಯವರಿಗೂ ಅದೇ ಆಯಿತು. ಎರಡು ಗಂಟೆ ಟೋಕನ್ ಹಿಡಿದು ಕುಳಿತು ಎರಡು ನಿಮಿಷದಲ್ಲಿ ಹೊರಗೆ. ಫಿಸಿಯೋ ಹುಡುಗಿ ಇದಕ್ಕೊಂದು ದಾರಿ ಹುಡುಕಿದಳು. ಮಾಡುವ ವ್ಯಾಯಾಮಗಳನ್ನು ಒಂದೇ ಪುಟದಲ್ಲಿ ಬರೆದುಕೊಟ್ಟಳು: ಕುರ್ಚಿಯಿಂದ ಏಳುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಕುಳಿತು ರಬ್ಬರ್ ಪಟ್ಟಿ ಎಳೆಯುವುದು, ತಗ್ಗಿನ ಮೆಟ್ಟಿಲು ಹತ್ತಿ ಇಳಿಯುವುದು, ಕಂಬಿ ಹಿಡಿದು ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವುದು, ಕಾಲಿನಿಂದ ತಳ್ಳುವ ಯಂತ್ರದಲ್ಲಿ ಅತಿ ಕಡಿಮೆ ಭಾರ. ಇದರಲ್ಲಿ ಯಾವುದು ಬೇಡ ಎಂದು ಗುರುತು ಹಾಕಿ ಸಹಿ ಮಾಡಿ ಎಂದಾಗ ಅದೇ ಡಾಕ್ಟರರು ಕನ್ನಡಕ ಸರಿಮಾಡಿಕೊಂಡು ಓದಿದರು. ಜಿಮ್ ಎಂಬ ಪದಕ್ಕೆ ಹೆದರಿದವರು ಪಟ್ಟಿಗೆ ಹೆದರಲಿಲ್ಲ. ನಮ್ಮ ಗುಂಪಿನ, ಮೂಳೆ ಸವೆದ ಬಾಯಮ್ಮನಿಗೆ ಮುಂದಕ್ಕೆ ಬಾಗಿ ತಿರುಚುವುದು ಬೇಡ ಎಂದು ಬರೆದರು. ಕಣ್ಣಿನ ಪೊರೆ ತೆಗೆಸಿಕೊಂಡು ವಾರವಷ್ಟೇ ಕಳೆದಿದ್ದ ಒಬ್ಬರಿಗೆ, ಕಣ್ಣಿನ ಡಾಕ್ಟರ್ ಒಪ್ಪುವ ತನಕ ಭಾರ ಎತ್ತಬಾರದು ಎಂದರು. ಶುಲ್ಕ, ಇ.ಸಿ.ಜಿ., ರಕ್ತಪರೀಕ್ಷೆ ಎಲ್ಲ ಸೇರಿ ತಲೆಗೆ ಸಾವಿರ ರೂಪಾಯಿಯ ಆಸುಪಾಸು ಖರ್ಚಾಯಿತು. ಇತ್ತೀಚೆಗೆ ಮಾಡಿಸಿದ ಪರೀಕ್ಷೆಗಳ ವರದಿ ಮನೆಯಲ್ಲಿದ್ದರೆ ತೆಗೆದುಕೊಂಡು ಹೋಗಿ, ಅರ್ಧ ಉಳಿಯುತ್ತದೆ.

ಮಕ್ಕಳನ್ನು ಒಪ್ಪಿಸುವುದು ಬೇರೆಯೇ ಒಂದು ಕಚೇರಿ ಕೆಲಸ. ಬಾಯಮ್ಮನ ಮಗ ಕುವೈತ್‌ನಿಂದ ಫೋನ್ ಮಾಡಿ ನನ್ನೊಡನೆಯೇ ಮಾತನಾಡಿದ. ‘ಆಂಟಿ, ಈ ವಯಸ್ಸಿನಲ್ಲಿ ಅಮ್ಮನಿಂದ ಭಾರ ಎತ್ತಿಸುವುದೇ?’ ಅವನ ಅಮ್ಮ ದಿನಾ ಬಾವಿಯಿಂದ ನೀರು ಸೇದುತ್ತಾರೆ. ಹತ್ತು ಲೀಟರಿನ ಕೊಡಪಾನ ಎಂದರೆ ನೀರೇ ಹತ್ತು ಕಿಲೋ. ಜಿಮ್ಮಿನಲ್ಲಿ ಅವರಿಗೆ ಕೊಡುವುದು ಒಂದು ಕಿಲೋದ ಡಂಬೆಲ್. ಇದನ್ನು ಹೇಳಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾವಿಗೆ ಪಂಪ್ ಹಾಕಿಸಲು ದುಡ್ಡು ಕಳುಹಿಸುತ್ತೇನೆ ಎಂದ! ಭಾರ ಎತ್ತುವುದು ಎಂದಾಕ್ಷಣ ನಮ್ಮ ಕಡೆಯವರ ಕಣ್ಣಿಗೆ ಬರುವುದು 2018ರ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದ ಕುಂದಾಪುರ ಕಡೆಯ ಗುರುರಾಜ ಪೂಜಾರಿ. ಅಮ್ಮಂದಿರನ್ನು ಆ ವೇದಿಕೆಯ ಮೇಲೆ ಕಲ್ಪಿಸಿಕೊಂಡರೆ ಮಕ್ಕಳಿಗೆ ಗಾಬರಿಯಾಗದೆ ಇರುತ್ತದೆಯೇ?

ಅಕ್ಟೋಬರ್ ಮೊದಲ ವಾರದಲ್ಲಿ ಸೇರ್ಪಡೆ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು, ಇರುವೆಯ ಸಾಲಿನಂಥ ಅಕ್ಷರ. ‘ಏನೇ ಆದರೂ ಸಂಸ್ಥೆ ಹೊಣೆಯಲ್ಲ’ ಎಂಬುದಷ್ಟೇ ಅದರ ಸಾರ. ನಾನು ಅದಕ್ಕೆ ಇನ್ನೊಂದು ಹಾಳೆ ಸೇರಿಸಿದೆ. ಯಾವ ಮಾತ್ರೆ, ಯಾವ ಕಾಯಿಲೆ, ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು, ಇವಿಷ್ಟು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಅದರ ಒಂದು ಪ್ರತಿ ಜಿಮ್ಮಿನ ಗೋಡೆಯ ಪೆಟ್ಟಿಗೆಯಲ್ಲಿದೆ. ಬಿಲ್ ನೋಡಿದರೆ ಜಿ.ಎಸ್.ಟಿ. ಶೇಕಡಾ 18! ಜಿಮ್ ಸೇವೆಯ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 5ಕ್ಕೆ ಇಳಿದಿತ್ತು. ಕಂಪ್ಯೂಟರಿನಲ್ಲಿ ಹಳೆಯ ದರವೇ ಕುಳಿತಿದೆ ಎಂದರು, ಹೊಸ ಬಿಲ್ ಮಾಡಿಸಿಕೊಂಡೆ. ಬ್ಯಾಂಕಿನವಳನ್ನು ಜೊತೆಗಿಟ್ಟುಕೊಂಡರೆ ಇಷ್ಟು ಲಾಭವಾದರೂ ಇರಬೇಡವೇ?

ಬೂಟು ಕೊಳ್ಳುವ ದಿನ ನಗುವಿನ ದಿನ. ಜೀವಮಾನದಲ್ಲಿ ಚಪ್ಪಲಿ ಬಿಟ್ಟು ಬೇರೇನೂ ಹಾಕದ ಹೆಂಗಸರು ಹಂಪನಕಟ್ಟೆಯ ಅಂಗಡಿಯಲ್ಲಿ ಕನ್ನಡಿಯ ಮುಂದೆ ಕಾಲು ಚಾಚಿ ನಿಂತಿದ್ದರು. ಲೇಸು ಕಟ್ಟಲು ಬಾಗಲಾಗದವರಿಗೆ ಅಂಟಿಸುವ ಪಟ್ಟಿಯ ಬೂಟೇ ಸರಿ. ಸಂಜೆ ಹೊತ್ತಿಗೆ ಕಾಲು ಬಾತಿರುತ್ತದೆ, ಆಗಲೇ ಹೋಗಿ ಅಳತೆ ನೋಡಿ. ಸಾವಿರದ ಇನ್ನೂರಕ್ಕೆ ಸಿಕ್ಕಿತು. ಉಡುಪಿನ ವಿಚಾರದಲ್ಲಿ ಚರ್ಚೆ ಬಹಳ ನಡೆಯಿತು, ಕೊನೆಗೆ ಚೂಡಿದಾರ. ಒಬ್ಬರು ಮಾತ್ರ ಸೀರೆಯೇ ಎಂದರು. ಅವರು ಯಂತ್ರಗಳ ಹತ್ತಿರ ಹೋಗುವುದಿಲ್ಲ, ಕುರ್ಚಿ ಮತ್ತು ರಬ್ಬರ್ ಪಟ್ಟಿಯಲ್ಲೇ ಎಲ್ಲವನ್ನೂ ಮಾಡುತ್ತಾರೆ, ಬೂಟು ಮಾತ್ರ ಕಡ್ಡಾಯ.

ಪ್ರಯಾಣವೂ ಒಂದು ಖರ್ಚೇ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದು ರಾಜ್ಯವಿಡೀ ಸಂಭ್ರಮಿಸಿದರೂ ಮಂಗಳೂರಿನ ಸಿಟಿ ಬಸ್ಸುಗಳು ಹೆಚ್ಚಾಗಿ ಖಾಸಗಿಯವು, ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಟಿಕೆಟಿಗಿಂತ ದೊಡ್ಡ ತೊಂದರೆ ಬಸ್ಸಿನ ಮೊದಲ ಮೆಟ್ಟಿಲು. ಕಾಲು ಮೇಲಿಟ್ಟಿದ್ದೀರೋ ಇಲ್ಲವೋ, ಅಷ್ಟರಲ್ಲಿ ನಿರ್ವಾಹಕ ಸೀಟಿ ಊದಿರುತ್ತಾನೆ. ದೂರದವರು ಮೂವರು ಸೇರಿ ರಿಕ್ಷಾ ಹಿಡಿಯುತ್ತಾರೆ.

ಮೊದಲ ದಿನ ಯಾರೂ ಕನ್ನಡಿಯ ಕಡೆ ನೋಡಲಿಲ್ಲ. ನಾಲ್ಕೂ ಗೋಡೆಗೆ ಕನ್ನಡಿ, ಎಲ್ಲಿ ತಿರುಗಿದರೂ ನಾವೇ. ತರಬೇತುದಾರ ಬಂಟ್ವಾಳ ಕಡೆಯ ಹುಡುಗ, ಒಳ್ಳೆಯವನು. ಆದರೆ ಎಲ್ಲರನ್ನೂ ಆಂಟಿ, ಅಂಕಲ್ ಎಂದ, ಹುಡುಗರಿಗೆ ಹೇಳುವ ಹಾಗೆ ‘ಇನ್ನೂ ಎರಡು, ಇನ್ನೂ ಎರಡು’ ಎಂದು ಹುರಿದುಂಬಿಸಿದ. ಟೀಚರ್ ಅವನನ್ನು ಹತ್ತಿರ ಕರೆದು, ‘ಮಗೂ, ಎರಡು ಎಂದ ಮೇಲೆ ಎರಡಕ್ಕೆ ನಿಲ್ಲಬೇಕು’ ಎಂದರು. ಅವನು ನಿಲ್ಲಿಸಿದ. ಅಂದಿನಿಂದ ಅವನಿಗೂ ಅವರು ಟೀಚರ್.

ಭಾರ ಎತ್ತುವಾಗ ನಾವೆಲ್ಲ ಉಸಿರು ಕಟ್ಟುತ್ತಿದ್ದೆವು. ಹಾಗೆ ಮಾಡಿದರೆ ರಕ್ತದೊತ್ತಡ ಒಮ್ಮೆಲೆ ಏರುತ್ತದೆ, ಬಿ.ಪಿ. ಇರುವವರಿಗೆ ಅದು ಒಳ್ಳೆಯದಲ್ಲ. ಹೇಳಿ ಹೇಳಿ ಸಾಕಾಗಿ ಫಿಸಿಯೋ ಹುಡುಗಿ, ಗಟ್ಟಿಯಾಗಿ ಎಣಿಸಿ ಎಂದಳು. ಬಾಯಿ ಬಿಟ್ಟು ಎಣಿಸುವವನು ಉಸಿರು ಕಟ್ಟಲಾರ. ಬಂದರಿನ ಅಣ್ಣ ಒಂಜಿ, ರಡ್ಡ್, ಮೂಜಿ ಎಂದು ತುಳುವಿನಲ್ಲಿ ಶುರುಮಾಡಿದರು. ಮಾಮ ಏಕ್, ದೋನ್, ತೀನ್ ಎಂದು ಕೊಂಕಣಿಯಲ್ಲಿ. ಮರದ ವ್ಯಾಪಾರದಿಂದ ನಿವೃತ್ತರಾದ ಸಾಹೇಬರು ಬ್ಯಾರಿ ಭಾಷೆಯಲ್ಲಿ. ಬಾಯಮ್ಮ ತಮ್ಮ ಕೊಂಕಣಿಯೇ ಬೇರೆ ಎಂದು ಮಾಮನೊಡನೆ ತಕರಾರು ತೆಗೆದರು. ಈಗ ಒಂದೊಂದು ವ್ಯಾಯಾಮಕ್ಕೆ ಒಬ್ಬೊಬ್ಬರ ಭಾಷೆ.

ಕುಳಿತಲ್ಲೇ ಕಾಲು ಎತ್ತಿ ಇಳಿಸುವ ಆರಂಭದ ಹತ್ತು ನಿಮಿಷದಲ್ಲಿ ಪ್ರತಿಯೊಬ್ಬರೂ ಒಂದು ಸುದ್ದಿ ಹೇಳಬೇಕು ಎಂಬ ನಿಯಮ ಮಾಡಿದ್ದೇವೆ. ಇದರಲ್ಲಿ ಲಾಭ ಎರಡು. ಮಾತು ತುಂಡಾಗದೆ ಬರುತ್ತಿದ್ದರೆ ಶ್ರಮ ಹದವಾಗಿದೆ ಎಂದರ್ಥ, ವಾಕ್ಯ ಮುಗಿಸಲಾಗದೆ ಏದುಸಿರು ಬಂದರೆ ನಿಧಾನಿಸಬೇಕು. ಗಡಿಯಾರದಲ್ಲಿ ಹೃದಯಬಡಿತ ನೋಡುವುದಕ್ಕಿಂತ ನಮ್ಮಂಥವರಿಗೆ ಇದೇ ನಂಬಿಕೆಯದು, ಯಾಕೆಂದರೆ ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳು ಬಡಿತವನ್ನು ಏರಲು ಬಿಡುವುದಿಲ್ಲ. ಇನ್ನೊಂದು ಲಾಭ ಸುದ್ದಿಯದೇ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಒಬ್ಬರೇ ಇರುವವರೊಬ್ಬರು ನಮ್ಮಲ್ಲಿದ್ದಾರೆ. ಮೊದಲ ವಾರಗಳಲ್ಲಿ ಅವರ ಸುದ್ದಿ ‘ಮಳೆ ಬಂತು’, ‘ಕರೆಂಟು ಹೋಯಿತು’. ಆಮೇಲೊಂದು ದಿನ ಅನ್ನ ಮಾಡಲು ಕಲಿತೆ ಎಂದರು. ಗಂಜಿಗೆ ನೀರೆಷ್ಟು ಎಂದು ಹೆಂಗಸರು ಪೈಪೋಟಿಗೆ ಬಿದ್ದು ಹೇಳಿದ್ದರಲ್ಲಿ ಅಂದಿನ ಅರ್ಧ ಗಂಟೆ ಕಳೆಯಿತು. ತರಬೇತುದಾರ ಗಡಿಯಾರ ನೋಡುತ್ತಾ ನಿಂತ.

ಹೆದರಿಕೆಯ ದಿನವೂ ಒಂದಿತ್ತು. ಮಾಮನಿಗೆ ಸಕ್ಕರೆ ಕಾಯಿಲೆ. ಅಂದು ಏಕಾದಶಿ, ಉಪವಾಸ. ಮಾತ್ರೆ ಮಾತ್ರ ನುಂಗಿ ಬಂದಿದ್ದರು, ಯಾರಿಗೂ ಹೇಳಿರಲಿಲ್ಲ. ಮೆಟ್ಟಿಲು ಹತ್ತಿ ಇಳಿಯುವಾಗ ಕೈ ನಡುಗಿತು, ಫ್ಯಾನಿನ ಕೆಳಗೆ ಬೆವರಿದರು, ಮಾತು ತೊದಲಿತು. ಪೆಟ್ಟಿಗೆಯಲ್ಲಿದ್ದ ಯಂತ್ರದಲ್ಲಿ ನೋಡಿದರೆ ರಕ್ತದ ಸಕ್ಕರೆ 58. ಎಪ್ಪತ್ತರ ಕೆಳಗೆ ಇಳಿದರೆ ಕೂಡಲೇ ಸಿಹಿ ಕೊಡಬೇಕು. ಮೂರು ಚಮಚ ಸಕ್ಕರೆ ಕರಗಿಸಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದೆವು, ಏರಿತ್ತು. ಉಪವಾಸ ಮುರಿಯಿತಲ್ಲ ಎಂದು ಅವರು ಪೇಚಾಡಿದರು, ಟೀಚರ್ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಈಗ ಉಪವಾಸದ ದಿನ ವ್ಯಾಯಾಮವಿಲ್ಲ, ಬೇಕಾದರೆ ಬಂದು ಕುಳಿತು ಎಣಿಸಬಹುದು. ಸಕ್ಕರೆ ಕಾಯಿಲೆಯವರು ಉಪವಾಸದ ದಿನ ಮಾತ್ರೆಯನ್ನು ಏನು ಮಾಡಬೇಕೆಂದು ತಮ್ಮ ಡಾಕ್ಟರರನ್ನು ಮೊದಲೇ ಕೇಳಿಟ್ಟುಕೊಳ್ಳಲಿ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಬೇಕು, ‘ಇದೊಂದು ಮುಗಿಸುತ್ತೇನೆ’ ಎಂಬ ಮಾತೇ ಬೇಡ.

ಹನ್ನೆರಡಕ್ಕೆ ಮುಗಿಸಿ ಪಕ್ಕದ ಹೋಟೆಲಿಗೆ ಹೋಗುತ್ತೇವೆ. ಕಾಫಿ, ಬನ್ಸ್, ಕೆಲವೊಮ್ಮೆ ಗೋಳಿಬಜೆ. ಕರಗಿಸಿದ್ದೆಲ್ಲ ಅಲ್ಲಿ ವಾಪಸು ಬರುತ್ತದೆ ಎಂದು ತರಬೇತುದಾರ ಸಂಕಟಪಡುತ್ತಾನೆ. ಅವನಿಗೆ ತಿಳಿಯದ್ದು ಏನೆಂದರೆ, ಆ ಹೋಟೆಲಿನ ಮೇಜಿಗಾಗಿಯೇ ಬರುವವರು ನಮ್ಮಲ್ಲಿ ಕಡಿಮೆಯಿಲ್ಲ. ಒಬ್ಬರು ಬರದಿದ್ದರೆ ಕಾಫಿ ಬರುವ ಮೊದಲೇ ಅವರಿಗೆ ಫೋನ್ ಹೋಗುತ್ತದೆ. ನೀವು ಗುಂಪು ಕಟ್ಟುವುದಾದರೆ ಜಿಮ್ ಹುಡುಕುವಾಗಲೇ ಪಕ್ಕದಲ್ಲಿ ಕುಳಿತು ಮಾತನಾಡಲು ಬಿಡುವ ಹೋಟೆಲಿದೆಯೇ ನೋಡಿ.

ಇಬ್ಬರು ಬಿಟ್ಟುಹೋದರು. ಒಬ್ಬರಿಗೆ ತಲೆಯ ಮೇಲಿಂದ ಎಳೆಯುವ ಯಂತ್ರದಿಂದ ಭುಜ ನೋವಾಯಿತು. ಆ ಯಂತ್ರ ಪಟ್ಟಿಯಲ್ಲಿರಲಿಲ್ಲ, ಹುಡುಗರು ಮಾಡುವುದನ್ನು ನೋಡಿ ತಾವೇ ಹೋಗಿ ಎಳೆದಿದ್ದರು. ಇನ್ನೊಬ್ಬರ ಸೊಸೆಗೆ ಕೆಲಸ ಸಿಕ್ಕಿ ಮೊಮ್ಮಗನನ್ನು ನೋಡಿಕೊಳ್ಳುವ ಪಾಳಿ ಬಂತು. ಅದಕ್ಕೆ ನನ್ನಲ್ಲಿ ಉಪಾಯವಿಲ್ಲ.

ಜನವರಿಯಲ್ಲಿ ಫಿಸಿಯೋ ಹುಡುಗಿ ಮತ್ತೆ ಕುರ್ಚಿ ಇಟ್ಟಳು. ಟೀಚರ್ ಹನ್ನೊಂದು ಸಲ ಎದ್ದರು. ಬಂದರಿನ ಅಣ್ಣ ಕೈಕಟ್ಟಿ ಐದು ಸಲ ಎದ್ದರು, ಅವರ ವಯಸ್ಸಿಗೆ ಅದು ಇನ್ನೂ ಕಡಿಮೆಯೇ. ಆದರೆ ಆ ದಿನದ ಕಾಫಿಯ ಬಿಲ್ ಅವರೇ ಕೊಟ್ಟರು. ಬಾಯಮ್ಮನ ಲೆಕ್ಕ ಏರಲಿಲ್ಲ. ‘ಸೀಟಿ ಊದುವ ಮೊದಲೇ ಬಸ್ಸಿನ ಒಳಗಿರುತ್ತೇನೆ, ಅದನ್ನು ಬರೆದುಕೊಳ್ಳಿ’ ಎಂದರು. ಬರೆದುಕೊಂಡೆವು.

ಖಾಲಿ ಹೊತ್ತು ತುಂಬಿದ್ದು ಮಾಲೀಕರಿಗೆ ರುಚಿ ಹತ್ತಿದೆ. ಮಧ್ಯಾಹ್ನ ಮೂರಕ್ಕೆ ಇನ್ನೊಂದು ಬ್ಯಾಚು ಮಾಡಿಕೊಡಿ ಎಂದು ನನ್ನನ್ನೇ ಕೇಳುತ್ತಿದ್ದಾರೆ. ಉರ್ವದಿಂದಲೂ ಬಿಜೈಯಿಂದಲೂ ಹೆಸರು ಕೊಟ್ಟವರಿದ್ದಾರೆ, ಡಾಕ್ಟರರ ಸಹಿಯೂ ಆಗಿದೆ. ಶೌಚಾಲಯದ ಗೋಡೆಗೆ ಹಿಡಿಕೆ ಬರುವ ತನಕ ಆ ಪಟ್ಟಿ ನನ್ನ ಕೈಚೀಲದಲ್ಲೇ ಇರುತ್ತದೆ.